ಇನ್ನೊಂದು ಸಲ ಹಾಕಿ: ಕವಿತೆಯನ್ನು ಕಿರುಚಿತ್ರವಾಗಿಸಿ ಹೊಸ ಪ್ರೇಕ್ಷಕರಿಗೆ ತೋರಿಸುವ ಬಗೆ

ಎರಡೂವರೆ ನಿಮಿಷದ ಚಿತ್ರ ಮುಗಿಯಿತು. ದೀಪ ಹಾಕಿದೆವು. ಹಿಂದಿನ ಸಾಲಿನ ಹುಡುಗನೊಬ್ಬ ಕೈ ಎತ್ತಿ, "ಇನ್ನೊಂದು ಸಲ ಹಾಕುತ್ತೀರಾ?" ಎಂದು ಕೇಳಿದ. ಚಿತ್ರ ಇಷ್ಟವಾಗಿ ಕೇಳಿದನೋ, ತಲೆಬುಡ ತಿಳಿಯದೆ ಕೇಳಿದನೋ ಗೊತ್ತಾಗಲಿಲ್ಲ. ಹಾಕಿದೆವು. ಮೊದಲ ಸಲ ಮೊಬೈಲ್ ನೋಡುತ್ತಿದ್ದವರು ಈಗ ಪರದೆ ನೋಡುತ್ತಿದ್ದರು. ಮುಂದೆ ಏನಾಗುತ್ತದೆ ಎಂಬ ಆತಂಕ ಕಳೆದ ಮೇಲೆ ಅವರ ಕಿವಿ ತೆರೆದಿತ್ತು.

ಪುಸ್ತಕದಲ್ಲಿ ಕವಿತೆ ಓದುವವರು ಸಾಲೊಂದರಲ್ಲಿ ತಡವರಿಸಿದರೆ ಹಿಂದಕ್ಕೆ ಹೋಗುತ್ತಾರೆ. ಕವಿತೆ ಬದುಕುವುದೇ ಹೀಗೆ ಹಿಂದಕ್ಕೆ ಹೋಗುವುದರಲ್ಲಿ. ಸಿನಿಮಾ ಮಾತ್ರ ಮುಂದಕ್ಕೇ ಓಡುತ್ತದೆ, ಕೈತಪ್ಪಿದ ಸಾಲು ಕೈತಪ್ಪಿದಂತೆಯೇ. ಕಾವ್ಯಚಿತ್ರ, ಅಂದರೆ ಕವಿತೆಯೊಂದನ್ನು ಒಡಲಲ್ಲಿಟ್ಟುಕೊಂಡ ಕಿರುಚಿತ್ರ ಮಾಡುವವರ ಹೆಚ್ಚಿನ ತೊಂದರೆಗಳು ಹುಟ್ಟುವುದು ಇಲ್ಲಿಂದಲೇ. ಮುಂದೆ ಹೇಳುವ ಹಂತಗಳೆಲ್ಲ ಈ ಒಂದು ತೊಡಕನ್ನು ಬಿಡಿಸಿಕೊಳ್ಳುವ ಪ್ರಯತ್ನಗಳು.

ಹಿಂದಿನವರು ಮಾಡಿದ್ದು

ಇದು ಮೊಬೈಲ್ ಕಾಲದ ಹೊಸ ಹುಚ್ಚೇನೂ ಅಲ್ಲ. 1921ರಲ್ಲಿ ಛಾಯಾಗ್ರಾಹಕರಾದ ಪಾಲ್ ಸ್ಟ್ರಾಂಡ್ ಮತ್ತು ಚಾರ್ಲ್ಸ್ ಶೀಲರ್ ನ್ಯೂಯಾರ್ಕ್ ನಗರದ ಮೇಲೆ 'ಮ್ಯಾನ್‌ಹಟ್ಟಾ' ಎಂಬ ಮೂಕಿ ಚಿತ್ರ ಮಾಡಿದಾಗ ಅಮೆರಿಕದ ಕವಿ ವಾಲ್ಟ್ ವಿಟ್ಮನ್ನನ ಸಾಲುಗಳನ್ನು ದೃಶ್ಯಗಳ ನಡುವೆ ಫಲಕಗಳಾಗಿ ತೋರಿಸಿದರು. 1936ರ 'ನೈಟ್ ಮೇಲ್' ಬ್ರಿಟನ್ನಿನ ಅಂಚೆ ರೈಲಿನ ಸಾಕ್ಷ್ಯಚಿತ್ರ. ಅದರ ಕೊನೆಯ ಭಾಗಕ್ಕೆ ಕವಿ ಆಡನ್ ರೈಲಿನ ಗಾಲಿಯ ಲಯಕ್ಕೇ ಪದ್ಯ ಹೊಂದಿಸಿದ. ಬರೆದ ಎಲ್ಲ ಸಾಲುಗಳೂ ಚಿತ್ರದಲ್ಲಿ ಉಳಿಯಲಿಲ್ಲ ಎಂಬುದನ್ನು ಕವಿಮಿತ್ರರು ಗಮನಿಸಬೇಕು. ಇರಾನಿನ ಕವಯಿತ್ರಿ ಫರೂಗ್ ಫರ್ರೊಖ್‌ಜಾದ್ 1962ರಲ್ಲಿ ಕುಷ್ಠರೋಗಿಗಳ ವಸತಿಯೊಂದರಲ್ಲಿ ಸುಮಾರು 20 ನಿಮಿಷದ ಚಿತ್ರ ತೆಗೆದಳು. ಅದರಲ್ಲಿ ಎರಡು ದನಿಗಳಿವೆ. ಗಂಡು ದನಿ ರೋಗದ ಬಗ್ಗೆ ಒಣ ಮಾಹಿತಿ ಕೊಡುತ್ತದೆ, ಕವಯಿತ್ರಿಯ ದನಿ ಪ್ರಾರ್ಥನೆಯಂತೆ ಹರಿಯುತ್ತದೆ. ಒಂದರ ಪಕ್ಕ ಇನ್ನೊಂದು ನಿಂತಾಗ ಎರಡೂ ಹರಿತವಾಗುತ್ತವೆ.

1953ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ 'ಸಿನಿಮಾ 16' ಎಂಬ ಚಿತ್ರಸಮಾಜ ಕಾವ್ಯ ಮತ್ತು ಸಿನಿಮಾ ಕುರಿತು ಒಂದು ಗೋಷ್ಠಿ ನಡೆಸಿತು. ಕಥೆ ಅಡ್ಡಡ್ಡ ಸಾಗುತ್ತದೆ, ಕವಿತೆ ಒಂದು ಕ್ಷಣದೊಳಗೆ ನೆಟ್ಟಗೆ ಕೆಳಕ್ಕೆ ಇಳಿಯುತ್ತದೆ ಎಂಬ ಅರ್ಥದ ಮಾತನ್ನು ಚಿತ್ರನಿರ್ದೇಶಕಿ ಮಾಯಾ ಡೆರೆನ್ ಅಲ್ಲಿ ಮುಂದಿಟ್ಟಳು. ಜೊತೆಗೆ ಕುಳಿತಿದ್ದ ಕವಿ ಡಿಲನ್ ಥಾಮಸ್ ಅದನ್ನು ಗೇಲಿ ಮಾಡಿದ. ಗೇಲಿ ಏನೇ ಇರಲಿ, ದೃಶ್ಯಗಳನ್ನು ಕತ್ತರಿಸಿ ಜೋಡಿಸುವ ಸಂಕಲನದ ಮೇಜಿನ ಮುಂದೆ ಕುಳಿತಾಗ ನನಗೆ ನೆನಪಾಗುವುದು ಅವಳ ಮಾತೇ. ಈಗ ಮುಂದಕ್ಕೆ ಹೋಗಬೇಕೋ, ಕೆಳಕ್ಕೆ ಇಳಿಯಬೇಕೋ?

ಕವಿತೆಯ ಆಯ್ಕೆ

ನಿಮಗೆ ತುಂಬ ಇಷ್ಟವಾದ ಕವಿತೆಯನ್ನು ಮೊದಲ ಚಿತ್ರಕ್ಕೆ ಎತ್ತಿಕೊಳ್ಳಬೇಡಿ. ಅದರ ಬಗ್ಗೆ ನಿಮ್ಮ ತಲೆಯಲ್ಲಿ ಆಗಲೇ ಒಂದು ಸಿನಿಮಾ ಓಡುತ್ತಿರುತ್ತದೆ, ಅದನ್ನು ಬಿಟ್ಟುಕೊಡಲು ಮನಸ್ಸು ಒಪ್ಪುವುದಿಲ್ಲ.

ಹತ್ತರಿಂದ ಇಪ್ಪತ್ತು ಸಾಲಿನ ಕವಿತೆ ಸಾಕು. ಗಡಿಯಾರ ಹಿಡಿದು ಗಟ್ಟಿಯಾಗಿ ಓದಿ. ಇಪ್ಪತ್ತು ಸಾಲು ನಿಧಾನವಾಗಿ ಓದಿದರೆ ಒಂದು ನಿಮಿಷದ ಆಸುಪಾಸು ಹಿಡಿಯುತ್ತದೆ. ಚಿತ್ರ ಅದರ ಎರಡು, ಮೂರು ಪಟ್ಟು ಉದ್ದವಾಗುತ್ತದೆ ಎಂದುಕೊಳ್ಳಿ. ಆಸ್ಕರ್ ಅಕಾಡೆಮಿಯ ಲೆಕ್ಕದಲ್ಲಿ 40 ನಿಮಿಷದವರೆಗಿನದೂ ಕಿರುಚಿತ್ರವೇ, ಆದರೆ ಕಾವ್ಯಚಿತ್ರ ಐದು ನಿಮಿಷ ದಾಟಿದರೆ ಅದಕ್ಕೆ ಬಲವಾದ ಕಾರಣ ಇರಬೇಕು.

ಸಾಲು ಸಾಲಿಗೂ ರೂಪಕ ತುಂಬಿದ ಕವಿತೆ ಚಿತ್ರಕ್ಕೆ ಒಗ್ಗುವುದಿಲ್ಲ. ಕೇಳುಗರ ಮನಸ್ಸು ಆಗಲೇ ಚಿತ್ರ ಬರೆಯುತ್ತಿರುವಾಗ ಪರದೆಯ ಮೇಲಿನ ಚಿತ್ರ ಅದನ್ನು ತಳ್ಳಿಹಾಕುತ್ತದೆ. ಮಾತು ಕಡಿಮೆ ಇದ್ದು, ಏನನ್ನೋ ಹೇಳದೆ ಬಿಟ್ಟಿರುವ ಕವಿತೆ ಹುಡುಕಿ. ಆ ಬಿಟ್ಟ ಜಾಗವೇ ಕ್ಯಾಮೆರಾ ಹೋಗಿ ನಿಲ್ಲುವ ಜಾಗ.

ಹಕ್ಕಿನ ವಿಚಾರವನ್ನು ಇಲ್ಲಿಯೇ ಮುಗಿಸಿಬಿಡಿ, ಚಿತ್ರೀಕರಣ ಆದ ಮೇಲೆ ಬೇಡ. ಭಾರತದಲ್ಲಿ ಕವಿಯ ಮರಣದ ನಂತರ 60 ವರ್ಷ, ಐರೋಪ್ಯ ಒಕ್ಕೂಟದಲ್ಲಿ 70 ವರ್ಷ ಕೃತಿಸ್ವಾಮ್ಯ ಇರುತ್ತದೆ. ಲೆಕ್ಕ ಶುರುವಾಗುವುದು ತೀರಿಕೊಂಡ ಮರುವರ್ಷದ ಜನವರಿಯಿಂದ. ಅನುವಾದಿತ ಕವಿತೆಯಾದರೆ ಅನುವಾದಕರ ಹಕ್ಕು ಬೇರೆಯೇ. ಹನ್ನೆರಡನೇ ಶತಮಾನದ ವಚನಕ್ಕೆ ಯಾರ ಅನುಮತಿಯೂ ಬೇಡ, ನಿಜ. ಆದರೆ ಅದನ್ನು ಈಚೆಗೆ ಯಾರೋ ಹಾಡಿರುವ ಧ್ವನಿಮುದ್ರಿಕೆಗೆ ಒಡೆಯರಿರುತ್ತಾರೆ. ಕವಿ ನಿಮಗೆ ಪರಿಚಿತರೇ ಆಗಿದ್ದರೂ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ. ಪ್ರದರ್ಶನ, ಅಂತರ್ಜಾಲ, ಚಿತ್ರೋತ್ಸವ, ಬೇರೆ ಭಾಷೆಯ ಉಪಶೀರ್ಷಿಕೆ, ಈ ನಾಲ್ಕರ ಮಾತೂ ಅದರಲ್ಲಿ ಇರಲಿ. ಸಾಲು ಬಿಡುವ ಅಥವಾ ಮರುಕಳಿಸುವ ಸ್ವಾತಂತ್ರ್ಯ ಬೇಕಿದ್ದರೆ ಅದನ್ನೂ ಈಗಲೇ ಕೇಳಿಬಿಡಿ.

ಮೊದಲು ದನಿ

ಹೆಚ್ಚಿನವರು ಮೊದಲು ಚಿತ್ರ ತೆಗೆದು, ಕೊನೆಗೆ ದನಿ ಸೇರಿಸುತ್ತಾರೆ. ನಾನು ತಿರುಗಾಮುರುಗಾ ಮಾಡುತ್ತೇನೆ. ಕವಿತೆಯ ಉಸಿರು ಎಷ್ಟು ಉದ್ದ ಎಂದು ತಿಳಿಯದೆ ದೃಶ್ಯ ಎಷ್ಟು ಹೊತ್ತು ಇರಬೇಕು ಎಂದು ತೀರ್ಮಾನಿಸುವುದು ಹೇಗೆ?

ಯಾರು ಓದಬೇಕು? ನಟರ ದನಿ ಸ್ಫುಟವಾಗಿರುತ್ತದೆ, ಆದರೆ ದುಃಖದ ಸಾಲಿಗೆ ದುಃಖ ಬೆರೆಸುವ ಚಟ ಅವರಿಗೆ ಬೇಗ ಬಿಡುವುದಿಲ್ಲ. ಕವಿಗಳು ಓದಿದರೆ ಸಾಲು ಎಲ್ಲಿ ಮುರಿಯಬೇಕೋ ಅಲ್ಲೇ ಮುರಿಯುತ್ತದೆ, ಆದರೆ ಕೆಲವರು ವೇದಿಕೆಯ ಗತ್ತಿನಲ್ಲಿ ಓದುತ್ತಾರೆ. ಯಾರೇ ಆಗಲಿ, ಮೂರು ಸಲ ಓದಿಸಿ. ಮೊದಲ ಸಲ ಅವರಿಗೆ ತೋಚಿದಂತೆ. ಎರಡನೆಯದು ಲೆಕ್ಕದ ಪುಸ್ತಕ ಓದಿದ ಹಾಗೆ, ಭಾವವಿಲ್ಲದೆ. ಮೂರನೆಯದು ಪಕ್ಕದಲ್ಲಿ ಕುಳಿತ ಒಬ್ಬರಿಗೆ ಹೇಳುವ ಹಾಗೆ. ನನ್ನ ಅನುಭವದಲ್ಲಿ ಬಳಕೆಗೆ ಬರುವುದು ಎರಡನೆಯದು ಅಥವಾ ಮೂರನೆಯದು. ಇಡೀ ಕವಿತೆಯನ್ನು ಒಂದೇ ಓಟದಲ್ಲಿ ಮುದ್ರಿಸಿ. ತುಂಡು ತುಂಡಾಗಿ ಮುದ್ರಿಸಿ ಹೊಲಿದರೆ ಉಸಿರಿನ ಏರಿಳಿತದಲ್ಲಿ ಹೊಲಿಗೆ ಕಾಣುತ್ತದೆ.

ಸ್ಟುಡಿಯೊ ಬೇಕೇ ಬೇಕು ಎಂದಿಲ್ಲ. ಬಟ್ಟೆ ತುಂಬಿದ ಬೀರು ತೆರೆದಿಟ್ಟು ಅದರ ಮುಂದೆ ಕುಳಿತರೆ ದನಿ ಮಾರ್ದನಿಸುವುದಿಲ್ಲ. ಮೈಕು ಬಾಯಿಯಿಂದ ಒಂದು ಗೇಣು ದೂರ, ತುಸು ಓರೆಯಾಗಿ ಇರಲಿ. ನೇರವಾಗಿಟ್ಟರೆ ಪ, ಫ, ಬ, ಭ ಬಂದಾಗಲೆಲ್ಲ ಗಾಳಿ ಡಬ್ಬೆಂದು ಬಡಿಯುತ್ತದೆ. ಫ್ಯಾನು, ಫ್ರಿಜ್ಜು ಆರಿಸಿ. ದನಿಯ ಕಡತ ವೇವ್ (WAV) ರೂಪದಲ್ಲಿ, 48 ಕಿಲೋಹರ್ಟ್ಸ್‌ನಲ್ಲಿ ಇರಲಿ. ಓದು ಮುಗಿದ ಮೇಲೆ ಯಾರೂ ಮಾತಾಡದೆ ಆ ಕೋಣೆಯ ಬರಿಯ ಮೌನವನ್ನೇ ಒಂದು ನಿಮಿಷ ಮುದ್ರಿಸಿಕೊಳ್ಳಿ. ಸಾಲುಗಳ ನಡುವೆ ಅಂತರ ಹಿಗ್ಗಿಸುವಾಗ ತುಂಬಲು ಇದೇ ಬೇಕು. ಖಾಲಿ ಬಿಟ್ಟರೆ ದನಿವರ್ಧಕ ಕೆಟ್ಟಿತೇನೋ ಎಂದು ಜನ ತಿರುಗಿ ನೋಡುತ್ತಾರೆ.

ಐದು ಸಾಲು, ಎರಡು ಚಿತ್ರ

ಬರಿಯ ತತ್ವ ಹೇಳುವುದಕ್ಕಿಂತ ಒಂದನ್ನು ಬಿಚ್ಚಿ ತೋರಿಸುತ್ತೇನೆ. ಅಭ್ಯಾಸಕ್ಕೆಂದು ನಾನೇ ಬರೆದುಕೊಂಡ ಐದು ಸಾಲು:

ಅಜ್ಜಿ ಹೋದ ಮೇಲೆ
ಅವಳ ಕನ್ನಡಕ
ಮೇಜಿನ ಮೇಲೆ ಕೂತು
ಓದುತ್ತಲೇ ಇದೆ
ಮಡಿಸಿಟ್ಟ ಪುಟವನ್ನು.

ಓದಲು ಹದಿನಾಲ್ಕು ಸೆಕೆಂಡು. ಮೊದಲ ಸಲ ನಾನು ತೆಗೆದದ್ದು ಹೀಗಿತ್ತು. 'ಅಜ್ಜಿ ಹೋದ ಮೇಲೆ' ಎನ್ನುವಾಗ ಖಾಲಿ ಕುರ್ಚಿ. 'ಕನ್ನಡಕ' ಎಂದಾಗ ಕನ್ನಡಕ. 'ಮೇಜು' ಎಂದಾಗ ಕ್ಯಾಮೆರಾ ಹಿಂದೆ ಸರಿದು ಮೇಜು. ಆಮೇಲೆ ಪುಸ್ತಕ, ಆಮೇಲೆ ಮಡಿಸಿದ ಪುಟ. ಹಿನ್ನೆಲೆಯಲ್ಲಿ ಕೊಳಲು. ಬೆಳಕೆಲ್ಲ ಚೆನ್ನಾಗಿಯೇ ಬಂದಿತ್ತು. ನೋಡಿದ ಗೆಳತಿ, "ಅ ಅರಸ, ಆ ಆನೆ ಅಂದ ಹಾಗಿದೆ" ಎಂದಳು. ಸಿಟ್ಟು ಬಂತು, ಆದರೆ ಅವಳು ಹೇಳಿದ್ದು ಸರಿ. ಅಕ್ಷರಮಾಲೆಯ ಪಟದಲ್ಲಿ ಪದಕ್ಕೊಂದು ಚಿತ್ರ ಇರುವುದು ಮಕ್ಕಳಿಗೆ ಪದ ಗೊತ್ತಿಲ್ಲದ ಕಾರಣಕ್ಕೆ. ನಮ್ಮ ಪ್ರೇಕ್ಷಕರಿಗೆ ಕನ್ನಡಕ ಎಂದರೆ ಏನೆಂದು ಗೊತ್ತು.

ಎರಡನೇ ಸಲ ಹಾಳೆಯ ನಡುವೆ ಗೆರೆ ಎಳೆದೆ. ಎಡಕ್ಕೆ ಕಿವಿಗೆ ಸಿಗುವುದು, ಬಲಕ್ಕೆ ಅದೇ ಹೊತ್ತಿನಲ್ಲಿ ಕಣ್ಣಿಗೆ ಸಿಗುವುದು. ಎರಡೂ ಒಂದೇ ಆದ ಕಡೆ ಬಲಗಡೆಯದನ್ನು ಹೊಡೆದುಹಾಕಿದೆ. ಹೊಡೆದು ಹೊಡೆದು ಕೊನೆಗೆ ಉಳಿದದ್ದು ಒಂದು ಪ್ರಶ್ನೆ: ಕನ್ನಡಕ ರಾತ್ರಿಯೂ ಓದುತ್ತಿದ್ದರೆ ಅದಕ್ಕೆ ಬೆಳಕು ಯಾರು ಕೊಡುತ್ತಾರೆ?

ಹೊಸ ಚಿತ್ರ ಶುರುವಾಗುವುದು ಗೋಡೆಯ ಮೇಲಿನ ದೀಪದ ಬೆಳಕಿನಿಂದ. ಬೆಳಕಿನ ನಡುವೆ ಗಾಜಿನಿಂದ ಹೊಮ್ಮಿದ ಎರಡು ಪುಟ್ಟ ಉಂಗುರಗಳು. ನಲವತ್ತು ಸೆಕೆಂಡು ಮಾತಿಲ್ಲ. ಪೊರಕೆಯೊಂದು ಮೇಜಿನ ಕಾಲುಗಳನ್ನು ಬಳಸಿಕೊಂಡು ಹೋಗುತ್ತದೆ. ಯಾರೋ ಬಂದು ದೀಪ ಆರಿಸುತ್ತಾರೆ, ಕೈ ಮಾತ್ರ ಕಾಣುತ್ತದೆ. ಕತ್ತಲು. ಹೆಜ್ಜೆ ದೂರ ಹೋಗುತ್ತದೆ, ನಿಲ್ಲುತ್ತದೆ, ಹಿಂದಿರುಗುತ್ತದೆ. ಅದೇ ಕೈ ಮತ್ತೆ ಸ್ವಿಚ್ ಒತ್ತುತ್ತದೆ. ಐದೂ ಸಾಲು ಕೇಳುವುದು ಆಗ, ಒಟ್ಟಿಗೆ, ಬರಿಯ ಗೋಡೆಯ ಮೇಲೆ. ಆಮೇಲೆ ಇಪ್ಪತ್ತು ಸೆಕೆಂಡು ಏನೂ ಇಲ್ಲ. ಕನ್ನಡಕವನ್ನು ತೋರಿಸಲೇ ಇಲ್ಲ. ಕವಿತೆಯಲ್ಲಿ ಇಲ್ಲದ ಒಬ್ಬ ವ್ಯಕ್ತಿ ಚಿತ್ರದಲ್ಲಿ ಇದ್ದಾನೆ, ಚಿತ್ರದಲ್ಲಿ ಇಲ್ಲದ ಅಜ್ಜಿ ಕವಿತೆಯಲ್ಲಿ ಇದ್ದಾಳೆ. ಅವರಿಬ್ಬರನ್ನು ಭೇಟಿ ಮಾಡಿಸುವ ಕೆಲಸ ನೋಡುವವರದು.

ಸಂಕಲನ ಮುಗಿಯಿತು ಎನಿಸಿದಾಗ ಎರಡು ಪರೀಕ್ಷೆ ಮಾಡಿ. ಸದ್ದು ಆರಿಸಿ ನೋಡಿ, ಬಳಿಕ ಕಣ್ಣು ಮುಚ್ಚಿ ಕೇಳಿ. ಎರಡು ಸಲವೂ ಏನೋ ಕೊರೆಯಾಗಿದೆ ಎನಿಸಬೇಕು. ಯಾವುದಾದರೊಂದು ತಾನೇ ಪೂರ್ಣ ಎನಿಸಿದರೆ ಇನ್ನೊಂದು ಅಲಂಕಾರಕ್ಕೆ ಬಂದು ಕುಳಿತಿದೆ ಎಂದರ್ಥ. ದೃಶ್ಯವನ್ನು ಸಾಲಿನ ಕೊನೆಯಲ್ಲೇ ಕತ್ತರಿಸುವ ಅಭ್ಯಾಸವನ್ನೂ ಬಿಡಿ. ಸಾಲು ಮುಗಿದದ್ದು ಕಿವಿಗೆ ಗೊತ್ತಾಗಿರುತ್ತದೆ, ಕಣ್ಣು ಅದಕ್ಕೆ ಠಸ್ಸೆ ಒತ್ತಬೇಕಿಲ್ಲ.

ಸಂಗೀತ ಕೊನೆಗೆ, ಅದೂ ಬೇಕೆನಿಸಿದರೆ ಮಾತ್ರ. ಕನ್ನಡದ ಕಿವಿಗೆ ಕವಿತೆ ಎಂದರೆ ರಾಗ ಹಾಕಿದ ಭಾವಗೀತೆ ಎಂಬ ರೂಢಿ ಗಟ್ಟಿಯಾಗಿದೆ. ರಾಗ ಬಂದ ಕೂಡಲೇ ಜನ ಪದ ಬಿಟ್ಟು ರಾಗದ ಬೆನ್ನು ಹತ್ತುತ್ತಾರೆ. ಹೆಜ್ಜೆಯ ಸದ್ದು, ಸ್ವಿಚ್ಚಿನ ಟಕ್ ನನ್ನ ಚಿತ್ರಕ್ಕೆ ಸಾಕಾಯಿತು.

ಪರದೆಯ ಮೇಲಿನ ಅಕ್ಷರ

ಕವಿತೆಯನ್ನು ಕೇಳಿಸುವ ಬದಲು ಅಕ್ಷರವಾಗಿ ತೋರಿಸುವುದೂ ಒಂದು ದಾರಿ. ಕೇಳಿಸಿ, ಜೊತೆಗೆ ಅದೇ ಪದಗಳನ್ನು ಕುಣಿಸುತ್ತ ತೋರಿಸುವುದು ಮಾತ್ರ ನನಗೆ ಒಗ್ಗದು. ಓದುವ ವೇಗ, ಕೇಳುವ ವೇಗ ಒಂದೇ ಅಲ್ಲ. ಕಣ್ಣು ಮುಂದೆ ಓಡಿ ಕಾಯುತ್ತ ನಿಲ್ಲುತ್ತದೆ.

ಕನ್ನಡ ಅಕ್ಷರ ಹಾಕುವವರಿಗೆ ಒಂದೆರಡು ಎಚ್ಚರಿಕೆ. ಹಳೆಯ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್‌ಗೆ ಪರಿವರ್ತಿಸದೆ ಅಂಟಿಸಿದರೆ ಪರದೆಯ ಮೇಲೆ ಕಲಸುಮೇಲೋಗರ ಕಾಣುತ್ತದೆ. ಯೂನಿಕೋಡ್ ಆಗಿದ್ದರೂ ಕೆಲವು ಸಂಕಲನ ತಂತ್ರಾಂಶಗಳು ಒತ್ತಕ್ಷರಗಳನ್ನು ಒಡೆಯುತ್ತವೆ. ಅಡೋಬಿ ಪ್ರೀಮಿಯರ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆಂದೇ ಪ್ರತ್ಯೇಕ ಪಠ್ಯ ಆಯ್ಕೆ ಇದೆ, ಅದನ್ನು ಆರಿಸಿಕೊಳ್ಳಿ. ಯಾವ ತಂತ್ರಾಂಶವೇ ಆಗಲಿ, ಮೊದಲು 'ಸ್ತ್ರೀ, ಸೂರ್ಯ, ಸ್ವಾತಂತ್ರ್ಯ' ಎಂದು ಬರೆದು ನೋಡಿ. ಈ ಮೂರು ಸರಿಯಾಗಿ ಮೂಡಿದರೆ ಉಳಿದವಕ್ಕೆ ಹೆದರಬೇಕಿಲ್ಲ. ಎರಡು ಸಾಲುಗಳ ನಡುವಿನ ಅಂತರ ಹೆಚ್ಚಿಸಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಬಡಿಯುತ್ತದೆ.

ಉಪಶೀರ್ಷಿಕೆ ಒಂದು ಸಲಕ್ಕೆ ಎರಡು ಸಾಲು ಮೀರದಿರಲಿ, ಸಾಲಿಗೆ ನಾಲ್ಕೈದು ಪದ ಸಾಕು. ಒಂದು ಸೆಕೆಂಡಿಗಿಂತ ಕಡಿಮೆ ಹೊತ್ತು ಯಾವುದನ್ನೂ ತೋರಿಸಬೇಡಿ. ಬೇರೆ ಭಾಷೆಗೆ ಅನುವಾದಿಸುವಾಗ ಪದಗಳ ಸರದಿಯೇ ದೊಡ್ಡ ತಲೆನೋವು. ನನ್ನ ಐದು ಸಾಲಿನಲ್ಲಿ 'ಮಡಿಸಿಟ್ಟ ಪುಟ' ಕೊನೆಗೆ ಬರುತ್ತದೆ, ಬರಬೇಕಾದ್ದೂ ಕೊನೆಗೇ. ಉಪಶೀರ್ಷಿಕೆ ಇಡೀ ವಾಕ್ಯವನ್ನು ಒಮ್ಮೆಗೇ ತೋರಿಸಿದರೆ ದನಿ 'ಕನ್ನಡಕ' ಎನ್ನುವಾಗಲೇ ನೋಡುಗರು ಪುಟದವರೆಗೆ ಓದಿ ಮುಗಿಸಿರುತ್ತಾರೆ. ದನಿಗಿಂತ ಮುಂಚೆ ಅಕ್ಷರ ಗುಟ್ಟು ಬಿಡದಂತೆ ತುಂಡರಿಸಿ. ಅದಕ್ಕಾಗಿ ಅನುವಾದದ ವ್ಯಾಕರಣ ಕೊಂಚ ಸೊಟ್ಟಗಾದರೂ ಚಿಂತೆಯಿಲ್ಲ.

ಹೊಸಬರ ಮುಂದೆ

ಕವಿಗೋಷ್ಠಿ ಎಂದು ಫಲಕ ಹಾಕಿದರೆ ಕವಿಗಳು ಬರುತ್ತಾರೆ, ಅವರ ಮನೆಯವರು ಬರುತ್ತಾರೆ. ಹೊಸಬರು ಬೇಕೆಂದರೆ ಅವರು ಈಗಾಗಲೇ ಸೇರಿರುವ ಕಡೆಗೆ ನಾವೇ ಹೋಗಬೇಕು: ಗ್ರಂಥಾಲಯದ ಮಕ್ಕಳ ವಿಭಾಗ, ಕಾಲೇಜಿನ ಚಿತ್ರಸಂಘ, ನಾಟಕ ಶುರುವಾಗುವ ಮುಂಚಿನ ಹದಿನೈದು ನಿಮಿಷ. ಚಿತ್ರಸಂಘದವರು ಕವಿತೆ ಎಂದರೆ ಮುಖ ತಿರುಗಿಸುತ್ತಾರೆ, ಸಾಹಿತ್ಯಾಸಕ್ತರು ಕ್ಯಾಮೆರಾ ಕೋನಗಳ ಬಗ್ಗೆ ತಲೆಕೆಡಿಸಿಕೊಂಡವರಲ್ಲ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ ದಿನ ಮಾತು ಚೆನ್ನಾಗಿ ಬೆಳೆಯುತ್ತದೆ.

ಒಂದು ಗಂಟೆಯ ಕಾರ್ಯಕ್ರಮಕ್ಕೆ ಆರು ಚಿತ್ರ ಸಾಕು, ಎಂಟು ಹೆಚ್ಚು. ಮೊದಲನೆಯದು ಮಾತು ಕಡಿಮೆ ಇರುವುದಾಗಿರಲಿ. ನಗೆ ಇರುವ ಚಿತ್ರವೊಂದನ್ನು ಎರಡನೆಯ ಅಥವಾ ಮೂರನೆಯ ಜಾಗದಲ್ಲಿ ಇಡಿ. ಕವಿತೆಯ ಮುಂದೆ ನಗಬಹುದು ಎಂದು ಗೊತ್ತಾದ ಮೇಲೆ ಜನ ಕುರ್ಚಿಯಲ್ಲಿ ಸಡಿಲವಾಗುತ್ತಾರೆ. ಸಾವಿನ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಡಬೇಡಿ. ಒಂದರ ಬಾಲಕ್ಕೆ ಇನ್ನೊಂದರ ಮೂಗು ತಾಗುವಂತೆ ಓಡಿಸದೆ, ನಡುವೆ ಹದಿನೈದು ಸೆಕೆಂಡು ಕತ್ತಲು ಬಿಡಿ. ಸಭೆಗೆ ಮುಂಚೆ ಕೊನೆಯ ಸಾಲಿನಲ್ಲಿ ಕುಳಿತು ದನಿ ಪರೀಕ್ಷಿಸಿ. ಚಿತ್ರ ಮಸುಕಾದರೆ ಜನ ಕ್ಷಮಿಸುತ್ತಾರೆ, ಕವಿತೆ ಕೇಳಿಸದಿದ್ದರೆ ಎದ್ದು ಹೋಗುತ್ತಾರೆ.

ಆರರಲ್ಲಿ ಎರಡನ್ನಾದರೂ ಎರಡು ಸಲ ತೋರಿಸಿ. ಈಗ ನಾನು ಅನುಸರಿಸುವ ಕ್ರಮ ಇದು: ಒಮ್ಮೆ ಚಿತ್ರ. ಬಳಿಕ ದೀಪ ಹಾಕಿ, ಕವಿತೆ ಅಚ್ಚಾದ ಹಾಳೆ ಹಂಚಿ, ಸಭೆಯಲ್ಲಿರುವ ಯಾರಾದರೊಬ್ಬರಿಂದ ಗಟ್ಟಿಯಾಗಿ ಓದಿಸುವುದು. ಬಳಿಕ ಅದೇ ಚಿತ್ರ. ಹಾಳೆಯನ್ನು ಮೊದಲೇ ಹಂಚಿದರೆ ಜನ ಪರದೆ ಬಿಟ್ಟು ಹಾಳೆಗೂ ಚಿತ್ರಕ್ಕೂ ತಾಳೆ ನೋಡುತ್ತ ಕೂರುತ್ತಾರೆ, ಪರೀಕ್ಷೆಯ ಮೇಲ್ವಿಚಾರಕರಂತೆ. ಗಟ್ಟಿಯಾಗಿ ಓದುವವರು ಎಡವಿದರೆ ತಿದ್ದಬೇಡಿ. ಎಡವಿದ ಜಾಗವನ್ನು ಎರಡನೇ ಸಲ ಇಡೀ ಸಭೆ ಕಿವಿಗೊಟ್ಟು ಕೇಳುತ್ತದೆ.

"ಅರ್ಥವಾಯಿತೇ?" ಎಂದು ಕೇಳಲೇಬೇಡಿ. ಶಾಲೆಯಲ್ಲಿ ಕವಿತೆಯನ್ನು ಕೊಂದದ್ದೇ ಆ ಪ್ರಶ್ನೆ. ಯಾವ ಪದ ಕಿವಿಯಲ್ಲಿ ಉಳಿಯಿತು, ಮೊದಲ ಸಲ ಕಾಣದ್ದು ಈಗ ಏನು ಕಂಡಿತು ಎಂದು ಕೇಳಿ. ಕವಿಯೋ ನಿರ್ದೇಶಕರೋ ಅಲ್ಲಿದ್ದರೆ ಕೊನೆಗೆ ಮಾತಾಡಲಿ. ಅವರು ಮೊದಲೇ ಬಾಯಿ ತೆರೆದರೆ ಉಳಿದವರ ಬಾಯಿ ಮುಚ್ಚುತ್ತದೆ.

ಕಿವಿ ಕೇಳದವರಿಗೆ ಕವಿತೆಯ ಸಾಲುಗಳ ಜೊತೆಗೆ ಸದ್ದುಗಳೂ ಅಕ್ಷರದಲ್ಲಿ ಬೇಕು: 'ಹೆಜ್ಜೆ ದೂರ ಹೋಗುತ್ತದೆ', 'ಸ್ವಿಚ್ಚಿನ ಸದ್ದು'. ಕಣ್ಣು ಕಾಣದವರಿಗೆ ಚಿತ್ರದ ನಡುವೆ ವಿವರಣೆ ತುರುಕಿದರೆ ಕಷ್ಟಪಟ್ಟು ಉಳಿಸಿದ ಮೌನವೆಲ್ಲ ತುಂಬಿಹೋಗುತ್ತದೆ. ಅದರ ಬದಲು ಪ್ರದರ್ಶನಕ್ಕೆ ಮುಂಚೆ ಒಂದು ನಿಮಿಷ, ಪರದೆಯ ಮೇಲೆ ಏನೇನು ಬರಲಿದೆ ಎಂದು ಸಭೆಗೆಲ್ಲ ಹೇಳಿಬಿಡಿ. ಕಣ್ಣಿರುವವರಿಗೂ ಅದರಿಂದ ನಷ್ಟವಿಲ್ಲ. ಕಥೆಯ ಗುಟ್ಟು ಬಯಲಾಗುತ್ತದೆ ಎಂದು ಹೆದರಲು ಇದು ಪತ್ತೇದಾರಿ ಸಿನಿಮಾ ಅಲ್ಲ.

ಉತ್ಸವ ಮತ್ತು ಮೊಬೈಲ್

ಕಾವ್ಯಚಿತ್ರಗಳಿಗೆಂದೇ ಚಿತ್ರೋತ್ಸವಗಳಿವೆ. 2002ರಲ್ಲಿ ಬರ್ಲಿನ್‌ನಲ್ಲಿ ಶುರುವಾದ 'ಜೀಬ್ರಾ' ಅವುಗಳಲ್ಲಿ ಹೆಸರಾದದ್ದು. ಕಳುಹಿಸುವ ಮುಂಚೆ ಅವಧಿಯ ಮಿತಿ, ಉಪಶೀರ್ಷಿಕೆಯ ಭಾಷೆ, ಅಂತರ್ಜಾಲದಲ್ಲಿ ಮೊದಲೇ ಬಿಡುಗಡೆ ಆಗಿರಬಹುದೇ ಎಂಬ ನಿಯಮ ಓದಿಕೊಳ್ಳಿ. ಆತುರದಲ್ಲಿ ಅಂತರ್ಜಾಲಕ್ಕೆ ಹಾಕಿ ಆಮೇಲೆ ಕೈ ಕೈ ಹಿಸುಕಿಕೊಂಡವರಲ್ಲಿ ನಾನೂ ಒಬ್ಬ. ಶೀರ್ಷಿಕೆಯಲ್ಲಿ ಕವಿಯ ಹೆಸರು ನಿರ್ದೇಶಕರ ಹೆಸರಿನಷ್ಟೇ ದೊಡ್ಡದಾಗಿರಲಿ.

ಮೊಬೈಲಿಗೆ ಬೇರೆಯೇ ಆವೃತ್ತಿ ಬೇಕು. ಅಡ್ಡ ಚಿತ್ರವನ್ನು ಅಕ್ಕಪಕ್ಕ ಕತ್ತರಿಸಿ ಉದ್ದ ಮಾಡಿದರೆ ಗೋಡೆಯೂ ಹೋಯಿತು, ಉಂಗುರಗಳೂ ಹೋದವು. ಚಿತ್ರೀಕರಣದ ದಿನವೇ ಮುಖ್ಯ ದೃಶ್ಯಗಳನ್ನು ಮೊಬೈಲನ್ನು ನೆಟ್ಟಗೆ ಹಿಡಿದು ಇನ್ನೊಮ್ಮೆ ತೆಗೆದುಕೊಳ್ಳಿ. ಬಹಳ ಜನ ಸದ್ದು ಆರಿಸಿಯೇ ನೋಡುವುದರಿಂದ ಈ ಆವೃತ್ತಿಯಲ್ಲಿ ಅಕ್ಷರಗಳು ಚಿತ್ರದೊಳಗೇ ಅಚ್ಚಾಗಿರಲಿ.

ಈ ಪುಟ್ಟ ಲಂಬ ವಿಡಿಯೊಗಳಲ್ಲಿ ನನಗೆ ತುಂಬ ಹಿಡಿಸಿದ ಗುಣ ಒಂದಿದೆ. ಮುಗಿದ ಕೂಡಲೇ ಅವು ತಾವಾಗಿ ಮತ್ತೆ ಶುರುವಾಗುತ್ತವೆ. ಯಾರೂ ಕೈ ಎತ್ತಿ ಕೇಳಬೇಕಿಲ್ಲ. ಹಾಗಾಗಿ ಮೊಬೈಲ್ ಆವೃತ್ತಿಯ ಸರದಿಯನ್ನು ಬದಲಿಸಿದೆ. ಗೋಡೆಯ ಬೆಳಕು, ಪೊರಕೆ, ಐದು ಸಾಲು, ಕೊನೆಗೆ ಕೈ ಬಂದು ದೀಪ ಆರಿಸುತ್ತದೆ. ಹೆಜ್ಜೆ ದೂರ ಹೋಗುತ್ತದೆ, ಕತ್ತಲು. ಚಿತ್ರ ಅಲ್ಲಿಗೆ ಮುಗಿಯುತ್ತದೆ. ಬೆರಳು ಪರದೆಯನ್ನು ಸರಿಸದೆ ಒಂದು ಕ್ಷಣ ತಡೆದರೆ, ದೀಪ ಮತ್ತೆ ಹೊತ್ತಿಕೊಳ್ಳುತ್ತದೆ.